ಕೇಶರಬಾಯಿಯ ದನಿಗೊಂದು ಡಬ್ಬಿ

ಕೇಶರಬಾಯಿಯ ಬಾಯಲ್ಲಿ ಉಳಿದಿದ್ದದ್ದು ಏಳೇ ಏಳು ಹಲ್ಲು. ಆ ಏಳೂ ಒಂದೊಂದು ದಿಕ್ಕಿಗೆ ಅಲುಗಾಡುತ್ತಿದ್ದವು. ಹುಮನಾಬಾದಿನ ಹಲ್ಲಿನ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ‘ಪಂಚಮಿ ಮುಗಿದ ಮುಂದಿನ ಮಂಗಳವಾರ ಬಾ ಅಮ್ಮಾ, ಎಲ್ಲಾ ಕಿತ್ತು ಹಾಕೋಣ’ ಎಂದುಬಿಟ್ಟರು. ಮುದುಕಿಗೆ ಅದರಿಂದ ಚಿಂತೆಯೇನೂ ಆಗಲಿಲ್ಲ, ನೋಯುವ ಹಲ್ಲು ಹೋದರೆ ಹೋಗಲಿ ಎಂದಳು. ಚಿಂತೆ ಹತ್ತಿದ್ದು ಬಸವಕಲ್ಯಾಣದಲ್ಲಿದ್ದ ಅವಳ ಸೋದರಳಿಯ ದೇವಿದಾಸನಿಗೆ.

ಯಾಕೆಂದರೆ ಹುಡಗಿ ಎಂಬ ಊರಿನ ಕೇಶರಬಾಯಿ ಅಂದರೆ ಸುಮ್ಮನೆಯಲ್ಲ. ಸುತ್ತ ನಾಲ್ಕು ಊರಲ್ಲಿ ಅವಳು ಹಾಡದೆ ಯಾವ ಹೆಣ್ಣಿಗೂ ಅರಿಸಿನ ಹತ್ತಿದ್ದಿಲ್ಲ, ಯಾವ ಮದುಮಗಳೂ ಹೊಸಿಲು ದಾಟಿದ್ದಿಲ್ಲ. ಎಲ್ಲವೂ ಬಾಯಲ್ಲೇ ಇದ್ದ ಹಾಡುಗಳು, ಕಾಗದದ ಮೇಲೆ ಒಂದಕ್ಷರವಿಲ್ಲ. ಹಲ್ಲು ಕಿತ್ತ ಮೇಲೆ ಮಾತೇ ಗಾಳಿಗೆ ಹೋಗುತ್ತದೆ, ಇನ್ನು ಹಾಡೆಲ್ಲಿಯದು? ಐದು ವರ್ಷಕ್ಕೇ ತಾಯಿಯನ್ನು ಕಳಕೊಂಡ ದೇವಿದಾಸ ಬೆಳೆದದ್ದು ಆ ದನಿಯ ಮಗ್ಗುಲಲ್ಲಿ. ಹಲ್ಲು ಹೋಗುವುದರೊಳಗೆ ಅತ್ತೆಯ ದನಿ ಇದ್ದದ್ದು ಇದ್ದ ಹಾಗೆ ಕ್ಯಾಸೆಟ್ಟಿಗೆ ಬರಬೇಕು ಎಂದು ಅವನು ಹಟ ಹಿಡಿದ. ಅದು ಎಂಬತ್ತನಾಲ್ಕನೆಯ ಇಸವಿ. ಚಹಾದ ಹೋಟೆಲಿನಲ್ಲಿ, ಟ್ರಕ್ಕಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ನೋಡಿದರೂ ಕ್ಯಾಸೆಟ್ ತಿರುಗುತ್ತಿದ್ದ ಕಾಲ.

ದೇವಿದಾಸನ ಹೊಟ್ಟೆಪಾಡು ಬೇರೆಯೇ ಇತ್ತು. ತಹಸೀಲ ಕಚೇರಿಯ ಮುಂದೆ ಬೇವಿನ ಗಿಡದ ಬುಡಕ್ಕೆ ಕುಳಿತು ಮಂದಿಯ ಅರ್ಜಿ ಬರೆದುಕೊಡುತ್ತಿದ್ದ. ಊರೆಲ್ಲ ಅವನನ್ನು ಮುನ್ಶೀಜಿ ಅನ್ನುತ್ತಿತ್ತು. ಸಂಜೆಯಾದರೆ ಅವನೇ ಬೇರೆ ಮನುಷ್ಯ. ಮುಂಬಯಿಯ ಗಿರಣಿ ಬಿಟ್ಟು ಬಂದವನೊಬ್ಬನಿಂದ ಹಳೆಯ ರೆಕಾರ್ಡಿಂಗ್ ಮಶೀನು ಕೊಂಡಿದ್ದ, ಪಡಸಾಲೆಯ ಗೋಡೆಗೆಲ್ಲ ಕೌದಿ ಜೋತುಬಿಟ್ಟು ಅದಕ್ಕೆ ‘ಸ್ಟುಡಿಯೊ’ ಎಂದು ಹೆಸರಿಟ್ಟಿದ್ದ. ಹಾರ್ಮೋನಿಯಂ ಪೇಟಿಯನ್ನು ಅವನೇ ನುಡಿಸುತ್ತಿದ್ದ. ಚೆನ್ನಾಗಿಯೇ ನುಡಿಸುತ್ತೇನೆ ಎಂದು ಅವನ ಖಾತ್ರಿ.

ಬೇಸಗೆಯಲ್ಲೇ ಅತ್ತೆಯನ್ನು ಕರೆಸಿ, ನಡುವೆ ಒಂದು ಮೈಕು ತೂಗುಬಿಟ್ಟು, ತಾನು ಪೇಟಿ ಹಿಡಿದು ಹನ್ನೊಂದು ಹಾಡು ತುಂಬಿಕೊಂಡಿದ್ದ. ಅದು ಮೂಲ ಕ್ಯಾಸೆಟ್ಟು, ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದರಿಂದ ಇನ್ನೊಂದಕ್ಕೆ ಇಳಿಸಿಕೊಳ್ಳುವಾಗ ಮಶೀನಿನ ಮೇಲಿನ ಗುಂಡನೆಯ ಗುಬಟಿ ತಿರುವಿ, ದಪ್ಪ ದನಿ ಇಷ್ಟಿರಲಿ ಸಣ್ಣ ದನಿ ಅಷ್ಟಿರಲಿ ಎಂದು ಹದ ಮಾಡುವುದು ಅವನ ಕೆಲಸ. ಹದ ಮಾಡಬೇಕಾದರೆ ಕೇಳಬೇಕು, ಕೇಳಬೇಕಾದರೆ ಸ್ಪೀಕರು ಬೇಕು. ಮದುವೆ ಮಂಟಪಕ್ಕೆ ಬಾಡಿಗೆ ಹೋಗುತ್ತಿದ್ದ ಆಳೆತ್ತರದ ಡಬ್ಬಿಯೊಂದು ಅವನ ಮನೆಯಲ್ಲಿತ್ತು. ಹಾಡು ಹತ್ತಿದರೆ ಅದರ ಮೈಮೇಲೆ ಕೆಂಪು ಹಸಿರು ದೀಪ ಕುಣಿಯುತ್ತಿದ್ದವು, ಕಟ್ಟೆಯ ಮೇಲಿನ ತಂಬಿಗೆ ನಡುಗುತ್ತಿತ್ತು. ಆಹಾ, ಅದರಲ್ಲಿ ಅತ್ತೆಯ ದನಿ ಕೇಳಿದರೆ ದೇವಿದಾಸನಿಗೆ ಮೈ ಜುಮ್ಮೆನ್ನುತ್ತಿತ್ತು!

ಇಳಿಸಿದ ಕ್ಯಾಸೆಟ್ಟನ್ನು ಮೊದಲು ಬಸ್ ನಿಲ್ದಾಣದ ಎದುರಿಗಿದ್ದ ಬಂಡೆಪ್ಪನ ಹೋಟೆಲಿಗೆ ಕೊಟ್ಟ. ಬಂಡೆಪ್ಪ ಚಹಾ ಸೋಸುತ್ತಲೇ ತನ್ನ ಅಂಗೈಯಗಲದ ಟೇಪಿಗೆ ಅದನ್ನು ಹಾಕಿದ. ಗುಂಯ್ ಗುಂಯ್ ಎಂಬ ಸದ್ದಷ್ಟೇ ಬಂತು.

“ಮುನ್ಶೀಜಿ, ಮುದುಕಿ ಎಲ್ಲಿ ಕುಂತಾಳ್ರಿ ಇದರಾಗ? ಬಾವ್ಯಾಗೇನು?” ಎಂದ ಬಂಡೆಪ್ಪ.

ಹೋಟೆಲು ಹೋಟೆಲೇ ನಕ್ಕಿತು. ದೇವಿದಾಸ ಕ್ಯಾಸೆಟ್ಟು ಕಿತ್ತುಕೊಂಡು ಚಹಾ ಕುಡಿಯದೆ ಎದ್ದ. ಮರುದಿನ ಮುಂಜಾನೆಯೇ ಹುಮನಾಬಾದಿನ ಬಸ್ಸು ಹತ್ತಿದ.

ಹುಮನಾಬಾದಿನಲ್ಲಿ ರೇಡಿಯೊ ರಿಪೇರಿಗೆ ಮಕ್ಬೂಲನನ್ನು ಬಿಟ್ಟರಿಲ್ಲ. ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಬಿಚ್ಚಿದ ರೇಡಿಯೊಗಳ ನಡುವೆ ಅವನು ಒಂದು ಸ್ಟೂಲಿನ ಮೇಲೆ ಮಂಡಿಯೂರಿ ಕೂತಿರುತ್ತಿದ್ದ. ದೇವಿದಾಸನ ಕತೆ ಕೇಳಿ, ಕ್ಯಾಸೆಟ್ಟು ಕೇಳಿ, ಡಬ್ಬಿಯ ದೀಪಗಳ ವರ್ಣನೆಯನ್ನೂ ಕೇಳಿ ಅವನು ಹಲ್ಲು ಕಿಸಿದ.

“ದೇವಿದಾಸ ಭಾಯಿ, ನಿಮ್ಮ ಡಬ್ಬಿ ಖುಶಾಮತ್ ಮಾಡ್ತದ. ಏನ್ ಹಾಕಿದ್ರೂ ವಾಹ್ ವಾಹ್ ಅಂತದ. ಮದವಿ ಮನ್ಯಾಗ ಅದು ಛಲೋ. ನಿಮಗ ಬೇಕಾಗಿದ್ದು ಮಾರಿ ಮ್ಯಾಲೆ ಹೇಳೋ ಡಬ್ಬಿ. ಅದರಾಗ ಛಲೋ ಕೇಳಿಸಿದ್ರ ಎಲ್ಲಾ ಕಡಿ ಛಲೋ ಕೇಳಿಸ್ತದ.”

“ಹಂಗಂದ್ರ ಒಂದು ಕೊಡ್ರಿ ಮತ್ತ.”

“ನಾ ಕೊಟ್ರ ಹ್ಯಾಂಗ? ಆರಿಸೋವು ನಿಮ್ಮ ಕಿವಿ. ಹೋಗಿ ದಿನಾ ಕೇಳೋ ಸದ್ದು ಒಂದು ತುಂಬಕೊಂಡು ಬರ್ರಿ. ಹಾಡು ಬ್ಯಾಡ. ಹಾಡು ಹಚ್ಚಿದ್ರ ಮನಸ್ಸು ತಲಿ ದೂಗ್ತದ, ಕಿವಿ ಕೆಲಸ ಬಿಡ್ತದ.”

ದಿನಾ ಕೇಳುವ ಸದ್ದು ಯಾವುದು? ಬಸ್ಸು ರಾಜೇಶ್ವರ ಊರು ದಾಟುವ ತನಕ ದೇವಿದಾಸ ಅದನ್ನೇ ಯೋಚಿಸಿದ. ಮನೆಯ ಬಾಗಿಲಿಗೆ ಬಂದರೆ ಒಳಗೆ ಹೆಂಡತಿ ಶೇವಂತಾಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹದಿನಾರು ವರ್ಷದಿಂದ ಎರಡು ಹೊತ್ತು ಕೇಳಿದ ಸದ್ದು! ಚಪ್ಪಲಿ ಕಳಚುವುದನ್ನೂ ಮರೆತು ಮೈಕು ಹಿಡಿದು ಅಡುಗೆಮನೆಗೆ ನುಗ್ಗಿದ.

“ಅಯ್ಯ, ಇದೇನ್ ಹುಚ್ಚ್ರಿ? ನಾ ರೊಟ್ಟಿ ಬಡಿಯೋದು ಕ್ಯಾಸೆಟ್ ಮಾಡ್ತೀರಾ?” ಎಂದಳು ಶೇವಂತಾಬಾಯಿ. ಹಾಗೆನ್ನುತ್ತಲೇ ಮುಖ ತೊಳೆದು, ಸೆರಗು ಸರಿ ಮಾಡಿಕೊಂಡು ಬಂದು ಕೂತಳು. ಆಮೇಲೆ ಬಡಿದಳು ನೋಡಿ, ಓಣಿಗೆಲ್ಲ ಕೇಳಬೇಕು ಹಾಗೆ.

“ದಿನಾ ಹ್ಯಾಂಗ ಬಡೀತಿ ಹಂಗ ಬಡಿಯೇ ಮಾರಾಯ್ತಿ!”

“ದಿನಾ ನೀವು ಮಾರಿ ಮುಂದ ಹಿಂಗ ಮೈಕ್ ಹಿಡೀತೀರೇನು?”

ಅಂತೂ ಐದನೆಯ ರೊಟ್ಟಿಗೆ ಸದ್ದು ಸಹಜಕ್ಕೆ ಬಂತು. ಮುಂದಿನ ಶನಿವಾರ ಆ ಕ್ಯಾಸೆಟ್ಟನ್ನು ಮಕ್ಬೂಲ್ ಒಂದರ ಹಿಂದೊಂದು ಸ್ಪೀಕರಿಗೆ ಹಚ್ಚಿದ. ದೇವಿದಾಸ ಕಣ್ಣು ಮುಚ್ಚಿ ಕೂತ. ಆರ್ಕೆಸ್ಟ್ರಾದವರ ಡಬ್ಬಿಯಲ್ಲಿ ರೊಟ್ಟಿ ಹಲಗೆ ಬಾರಿಸಿದ ಹಾಗೆ ಕೇಳಿತು. ತಗಡಿನ ಬಾಯಿಯದರಲ್ಲಿ ಯಾರೋ ಯಾರಿಗೋ ಕಪಾಳಕ್ಕೆ ಬಿಗಿಯುತ್ತಿದ್ದರು. ದುಬೈಯಿಂದ ಬಂದ ಜೋಡಿಯೊಂದಿತ್ತು, ಬೆಳ್ಳಿಯ ಅಂಚಿನದು. ಅದರಲ್ಲಿ ರೊಟ್ಟಿಯ ಸದ್ದು ಎಷ್ಟು ನಯವಾಗಿತ್ತೆಂದರೆ ಶೇವಂತಾಬಾಯಿ ಹಿಟ್ಟಿಗೆ ಬೆಣ್ಣೆ ಕಲಸಿದ್ದಾಳೇನೋ ಅನ್ನಿಸಬೇಕು. ಅದರ ದರ ಕೇಳಿ ದೇವಿದಾಸ ಕಣ್ಣು ತೆರೆದು ಮತ್ತೆ ಮುಚ್ಚಿದ.

ಕೊನೆಗೆ ಮಕ್ಬೂಲ್ ಮೂಲೆಯಲ್ಲಿದ್ದ ಸಣ್ಣ ಜೋಡಿಯೊಂದಕ್ಕೆ ತಂತಿ ಸಿಕ್ಕಿಸಿದ. ಹಳೆಯ ರೇಡಿಯೊದ ಸ್ಪೀಕರುಗಳನ್ನು ಸಾಗುವಾನಿ ಹಲಗೆಯ ಡಬ್ಬಿಗೆ ತಾನೇ ಕೂಡಿಸಿ ಮೊಳೆ ಹೊಡೆದದ್ದು. ಬಣ್ಣವಿಲ್ಲ, ದೀಪವಿಲ್ಲ. ಸದ್ದು ಬಂತು. ಹಿಟ್ಟು ಕಲ್ಲಿನ ಮೇಲೆ ಜಾರುವುದು, ಅಂಗೈ ಬೀಳುವುದು, ಬಳೆ ಸರಿಯುವುದು, ನಡುವೆ ಶೇವಂತಾಬಾಯಿ ಹೊಗೆಗೆ ಮೂಗು ಏರಿಸುವುದು. ದೇವಿದಾಸನಿಗೆ ಹಸಿವಾಯಿತು.

“ಇದೇ ಕೊಡ್ರಿ,” ಎಂದ. “ಹೊಟ್ಟಿ ಚುರ್ ಅಂತು.”

“ಕಿವಿ ಛಲೋ ಅವ ನಿಮ್ಮವು,” ಎಂದ ಮಕ್ಬೂಲ್. ಒಂದಿಷ್ಟು ಚೌಕಾಸಿಯಾಯಿತು, ಚಹಾ ಆಯಿತು. ಡಬ್ಬಿಗಳು ಗೋಣಿಯಲ್ಲಿ ಕೂತು ಬಸವಕಲ್ಯಾಣಕ್ಕೆ ಬಂದವು.

ಬಂದ ಡಬ್ಬಿಗಳನ್ನು ಕಂಡು ಶೇವಂತಾಬಾಯಿ ಮುಖ ಸಿಂಡರಿಸಿದಳು. ಇಷ್ಟು ಓಡಾಡಿ ತಂದದ್ದು ಈ ಬತ್ತಲೆ ಹಲಗೆಯೇ? ಅವಳ ಮನೆಯಲ್ಲಿ ಹೊದಿಕೆಯಿಲ್ಲದ ವಸ್ತು ಒಂದಿರಲಿಲ್ಲ. ರೇಡಿಯೊಕ್ಕೆ ಗಲೀಫು, ಟ್ರಂಕಿಗೆ ಗಲೀಫು, ಹೊಲಿಗೆಯ ಮಶೀನಿಗೆ ಗಲೀಫು. ಎರಡೇ ದಿನದಲ್ಲಿ ಹಳೆಯ ಶಾಲು ಕತ್ತರಿಸಿ, ಒಳಗೆ ಅಸ್ತರು ಕೊಟ್ಟು, ಮೇಲೆ ಜೋಡಿ ನವಿಲು ಹೆಣೆದು ಎರಡು ಗಲೀಫು ಹೊಲಿದು ತೊಡಿಸಿದಳು. ದೇವಿದಾಸನಿಗೂ ಖುಷಿಯಾಯಿತು. ಮನೆಗೆ ನಾಲ್ಕು ಮಂದಿ ಬರುತ್ತಾರೆ, ಚಂದ ಕಾಣಬೇಕಲ್ಲ. ಅದನ್ನು ತೆಗೆದು ಕೇಳಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಗಲೀಫು ತೆಗೆದು ರೇಡಿಯೊ ಕೇಳಿದವರು ಆ ಓಣಿಯಲ್ಲಿ ಯಾರಿದ್ದರು ಹೇಳಿ?

ಹೊಸ ಸ್ಪೀಕರಿನ ಮುಂದೆ ಕೂತು ಹದ ಮಾಡತೊಡಗಿದ. ಅತ್ತೆಯ ದನಿ ಯಾಕೋ ಮಂಕು. ಸಣ್ಣ ದನಿಯ ಗುಬಟಿಯನ್ನು ಒಂದು ಸುತ್ತು ತಿರುವಿದ. ಇನ್ನೂ ಮಂಕು. ಇನ್ನೊಂದು ಸುತ್ತು. ಕಡೆಗೆ ಗುಬಟಿ ಇನ್ನು ತಿರುಗಲಾರೆ ಎಂದು ನಿಂತಾಗ ದನಿ ಸರಿಹೋಯಿತು. ಪಂಚಮಿಗೆ ಉಂಡಿ ಕಟ್ಟಿಕೊಂಡು, ಕ್ಯಾಸೆಟ್ಟು ಕಿಸೆಯಲ್ಲಿಟ್ಟುಕೊಂಡು ಗಂಡ ಹೆಂಡತಿ ಇಬ್ಬರೂ ಹುಡಗಿಗೆ ಹೋದರು.

ಕೇಶರಬಾಯಿಯ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಮೊಮ್ಮಗಳ ಟೇಪಿಗೆ ಕ್ಯಾಸೆಟ್ಟು ಹಾಕಿದರು. ಮೊದಲ ಸಾಲಿಗೇ ಒಂದು ಕೂಸು ಬೆಚ್ಚಿ ಅಳತೊಡಗಿತು. ದನಿ ತಗಡು ಕೊಯ್ದ ಹಾಗೆ ಕಿರ್ರೆನ್ನುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಕೇಶರಬಾಯಿ ಮಾತ್ರ ಅಲುಗಾಡದೆ ಹಾಡು ಮುಗಿಯುವ ತನಕ ಕೇಳಿದಳು.

“ದೇವ್ಯಾ, ನಾ ಹಿಂಗ ಹಾಡ್ತಿದ್ದೆನೇನೋ?” ಎಂದಳು ಮೆಲ್ಲಗೆ. “ಇಷ್ಟು ವರ್ಷ ಮಂದಿ ಕರದು ಕರದು ಕೂಡಿಸಿದ್ರಲ್ಲೋ. ಯಾರೂ ಒಂದ್ ಮಾತ ಹೇಳಲಿಲ್ಲ ನೋಡು.”

“ಅತ್ತಿ, ನಿನ್ನ ದನಿ ಅಲ್ಲ ಇದು. ಮಶೀನಿಂದು ತಪ್ಪು.”

“ಮಶೀನ್ ಯಾಕ ಸುಳ್ಳ ಹೇಳ್ತದೋ? ಬಂದ್ ಮಾಡು. ಹಲ್ಲು ಹೋಗ್ತಾವ, ಹಾಡೂ ಹೋಗಲಿ. ಇನ್ನ ನಾ ಹಾಡಂಗಿಲ್ಲ.”

ದೇವಿದಾಸನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಟ್ಟು ಬಂದದ್ದು ಮಕ್ಬೂಲನ ಮೇಲೆ. ಅರ್ಜಿ ಬರೆಯುವವನಿಗೆ ಸಿಟ್ಟು ಬಂದರೆ ಏನು ಮಾಡುತ್ತಾನೆ? ಅರ್ಜಿಯನ್ನೇ ಬರೆಯುತ್ತಾನೆ. ಮರುದಿನವೇ ಬೇವಿನ ಗಿಡದ ಬುಡಕ್ಕೆ ಕೂತು, ‘ಸದರಿ ಸ್ಪೀಕರುಗಳು ತಮ್ಮ ಅಂಗಡಿಯಲ್ಲಿ ಒಂದು ನಮೂನೆ, ಅರ್ಜಿದಾರನ ಮನೆಯಲ್ಲಿ ಇನ್ನೊಂದು ನಮೂನೆ ನುಡಿಯುತ್ತಿದ್ದು, ಸದರಿಯವುಗಳಿಂದ ಅರ್ಜಿದಾರನ ಸೋದರತ್ತೆಯ ಮಾನಹಾನಿಯಾಗಿದ್ದು’ ಎಂದು ಎರಡು ಪುಟ ತುಂಬಿಸಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುಮನಾಬಾದಿಗೆ ಕಳಿಸಿದ.

ಮಕ್ಬೂಲ್ ಶುಕ್ರವಾರ ಬಂದ. ಬಸವಕಲ್ಯಾಣದಲ್ಲಿ ಅವನ ತಂಗಿಯ ಮನೆಯಿತ್ತು, ಹಾಗೇ ಇತ್ತ ಹಾಯ್ದ. ಅರ್ಜಿಯನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಪಡಸಾಲೆಗೆ ಕಾಲಿಟ್ಟವನು ನವಿಲುಗಳನ್ನು ನೋಡಿ ನಿಂತುಬಿಟ್ಟ.

“ಇವು ಏನ್ರಿ?”

“ಗಲೀಫ್ ಅವರಿ,” ಎಂದಳು ಶೇವಂತಾಬಾಯಿ ಹೆಮ್ಮೆಯಿಂದ. “ನಾನೇ ಹೊಲದೀನಿ.”

ಮಕ್ಬೂಲ್ ಎರಡೂ ಗಲೀಫು ಕಿತ್ತು ಕಿಟಕಿಯ ಮೇಲಿಟ್ಟ.

“ಅಯ್ಯ ತಗೀಬ್ಯಾಡ್ರಿ, ಧೂಳ ಕೂಡ್ತದ!”

“ಭಾಭಿ, ನಾ ಇಲ್ಲಿ ಕಂಬಳಿ ಹೊದ್ದಕೊಂಡು ಮಾತಾಡಿದ್ರ ನಿಮಗ ತಿಳೀತದೇನ್ರಿ? ನೀವು ಡಬ್ಬಿ ಬಾಯಿ ಕಟ್ಟೀರಿ, ದನಿ ಮಂಕಾತಂತ ದೇವಿದಾಸ ಭಾಯಿ ಗುಬಟಿ ತಿರುವ್ಯಾರ. ಪಾಪ, ಡಬ್ಬಿ ಏನ್ ಮಾಡ್ತದ?”

ದೇವಿದಾಸ ಹಣೆ ಬಡಿದುಕೊಂಡ. ಮೂಲ ಕ್ಯಾಸೆಟ್ಟು ತೆಗೆದು ಗುಬಟಿಗಳನ್ನೆಲ್ಲ ಹಿಂದಕ್ಕೆ ತಿರುವಿ ಹಚ್ಚಿದ. ಅತ್ತೆ ಬಂದಳು. ಎಲ್ಲೋ ಅಲ್ಲ, ಎದುರಿಗೇ, ಕಾಲು ಮಡಚಿ ಕೂತ ಹಾಗೆ ಬಂದಳು. ದನಿಯಲ್ಲಿ ಆ ಒರಟು ಇತ್ತು, ಆ ಮುದ್ದು ಇತ್ತು, ಸಡಿಲ ಹಲ್ಲಿನ ನಡುವೆ ನುಸುಳುವ ಗಾಳಿಯೂ ಇತ್ತು. ದೇವಿದಾಸನ ಕಣ್ಣು ತುಂಬಿದವು. “ಗೆದ್ದೆ ಮಕ್ಬೂಲ್ ಭಾಯಿ,” ಎನ್ನಲು ಬಾಯಿ ತೆರೆದವನು ಹಾಗೇ ನಿಂತ.

ಸಾಲಿನ ಕೊನೆಗೆ ಅತ್ತೆ ಯಾಕೆ ನಿಲ್ಲುತ್ತಿದ್ದಾಳೆ?

ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದ. ಅತ್ತೆ ಸಾಲು ಮುಗಿಸುತ್ತಾಳೆ, ಉಸಿರು ಎಳೆದುಕೊಳ್ಳುತ್ತಾಳೆ, ಹೊರಡಬೇಕು, ಹೊರಡುವುದಿಲ್ಲ. ಅಷ್ಟರಲ್ಲಿ ಪೇಟಿ ತಡವರಿಸುತ್ತ ಬಂದು ಸ್ವರ ಹಿಡಿಯುತ್ತದೆ. ಆಮೇಲೆ ಅವಳು ಮುಂದಿನ ಸಾಲಿಗೆ ಹೋಗುತ್ತಾಳೆ. ಒಂದು ಸಲವಲ್ಲ, ಪ್ರತಿ ಸಾಲಿಗೂ. ಹನ್ನೊಂದು ಹಾಡಿಗೂ.

“ಮಕ್ಬೂಲ್ ಭಾಯಿ, ಆ ಪೇಟಿ…”

ಮಕ್ಬೂಲ್ ತಲೆ ಎತ್ತಿ ಮಾಳಿಗೆಯ ಜಂತಿ ಎಣಿಸತೊಡಗಿದ. “ಪೇಟಿ ಭಾಳ ಛಲೋ ಕಂಪನೀದು ಕಾಣಸ್ತದರಿ,” ಎಂದ.

ದೇವಿದಾಸ ಹೆಂಡತಿಯ ಕಡೆ ತಿರುಗಿದ. ಶೇವಂತಾಬಾಯಿ ಚಹಾಕ್ಕಿಡುವ ನೆವದಿಂದ ಎದ್ದಿದ್ದಳು. “ನೀ ಯಾಕ ಹೇಳಲಿಲ್ಲ?” ಎಂದ.

“ನಿಮಗ ಗೊತ್ತಿಲ್ಲ ಅಂಬೋದು ನನಗ್ಹ್ಯಾಂಗ ಗೊತ್ತಾಗಬೇಕ್ರಿ?” ಎಂದು ಅವಳು ಒಳಗೆ ಹೋದಳು.

ಮೂವತ್ತು ವರ್ಷ ಪೇಟಿ ನುಡಿಸಿದವನು ಆ ಹೊತ್ತು ತನ್ನ ಬೆರಳುಗಳನ್ನು ನೋಡಿಕೊಂಡು ಕೂತ. ಸುಳ್ಳು ಹೇಳದ ಡಬ್ಬಿ ಬೇಕೆಂದು ಹುಮನಾಬಾದಿಗೆ ಅಲೆದದ್ದು ಅವನೇ. ಅದು ತನ್ನ ಬಗ್ಗೆಯೂ ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ತಿಳಿದಿರಲಿಲ್ಲ. ಒಂದೇ ಮೈಕಿನಲ್ಲಿ ತುಂಬಿದ್ದರಿಂದ ಪೇಟಿಯನ್ನು ಬೇರೆ ತೆಗೆಯುವ ಮಾತೇ ಇಲ್ಲ. ಹೊಸದಾಗಿ ತುಂಬಬೇಕು. ಮುದುಕಿ ಹಾಡುವುದಿಲ್ಲ ಎಂದಿದ್ದಾಳೆ, ಹಲ್ಲಿಗೆ ಉಳಿದದ್ದು ನಾಲ್ಕು ದಿನ.

ಭಾನುವಾರ ಮುಂಜಾನೆ ಮಶೀನು, ಮೈಕು, ಎರಡು ಬತ್ತಲೆ ಡಬ್ಬಿ ಎಲ್ಲ ಕಟ್ಟಿಕೊಂಡು ಹುಡಗಿಗೆ ಹೋದ. ಪೇಟಿಯನ್ನು ಮನೆಯಲ್ಲೇ ಬಿಟ್ಟ. ಕೇಶರಬಾಯಿ ಅವನನ್ನು ಕಂಡು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ಅವನು ಡಬ್ಬಿಗಳನ್ನು ಅವಳ ಹಿಂದೆಯೇ ಇಟ್ಟ. ತಂತಿ ಕೂಡಿಸಿ ಮೂಲ ಕ್ಯಾಸೆಟ್ಟು ಹಚ್ಚಿದ. ಎರಡನೆಯ ಸಾಲಿಗೆ ಮುದುಕಿಯ ಬೆನ್ನು ಸಡಿಲಾಯಿತು, ನಾಲ್ಕನೆಯ ಸಾಲಿಗೆ ತಿರುಗಿದಳು.

“ಏ, ಇದು ನಾನೋ!” ಎಂದಳು. ಏಳೂ ಹಲ್ಲು ಕಾಣುವಂತೆ ನಕ್ಕಳು. “ಮತ್ತ ಅವತ್ತ ಬಂದಾಕಿ ಯಾರು?”

“ಅಕಿ ನನ್ನ ತಪ್ಪು ಅತ್ತಿ. ಈಗ ಇನ್ನೊಮ್ಮೆ ಹಾಡಬೇಕು ನೀ. ಒಂದೇ ಒಮ್ಮೆ.”

“ಇದು ಛಲೋ ಅದಲ್ಲೋ. ಮತ್ತ್ಯಾಕ? ಪೇಟಿ ಎಲ್ಲಿ?”

“ತಂದಿಲ್ಲ.” ದೇವಿದಾಸ ಕ್ಯಾಸೆಟ್ಟು ನಿಲ್ಲಿಸಿದ. “ನಾ ಹಿಂದ ಬೀಳಾಕತ್ತೀನಿ ಅತ್ತಿ. ಸಾಲ್ ಸಾಲಿಗೂ ನೀ ನನ್ನ ಸಲುವಾಗಿ ನಿಂದ್ರಾಕತ್ತಿ.”

ಕೇಶರಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಈಗ ತಿಳೀತೇನೋ ನಿನಗ? ಖೋಡಿ!”

“ಯಾಕ ಹೇಳಲಿಲ್ಲ ನೀ?”

“ಏನಂತ ಹೇಳಲಿ? ತಾಯಿ ಹೋದ ಮ್ಯಾಲ ನೀ ಯಾರ ಕೂಡೂ ಮಾತಾಡ್ತಿದ್ದಿಲ್ಲ. ಯಾರು ಏನ್ ಕೊಟ್ರೂ ಮಾರಿ ತಿರುವತಿದ್ದಿ. ನಿಮ್ಮಪ್ಪ ಆ ಪೇಟಿ ತಂದಿಟ್ಟ. ನಾ ಹಾಡಿದ್ರ ಬಂದು ಮಗ್ಗಲ ಕೂಡತಿದ್ದಿ, ನಾಲಿಗಿ ಹೊರಗ ಚಾಚಿ ಬೆರಳಿಲೆ ಪೇಟಿ ಒಂದೊಂದೇ ಮನಿ ಒತ್ತಿ ಸ್ವರ ಹುಡಕತಿದ್ದಿ. ನಾ ಮುಂದ ಹೋದ್ರ ನೀ ಎದ್ದು ಹೋಗ್ತಿ ಅಂತ ನಿಂತೆ. ಹಾಡೇನು ಓಡಿ ಹೋಗ್ತದೇನೋ? ಆಮ್ಯಾಲ ರೂಢೀನೇ ಆತು.”

ದೇವಿದಾಸ ಮೈಕು ಕಟ್ಟುವ ನೆವದಿಂದ ಮುಖ ತಿರುಗಿಸಿದ. ಅವನಿಗೆ ಅಳು ಬಂದಿತ್ತು.

ಆ ದಿನ ಕೇಶರಬಾಯಿ ಒಬ್ಬಳೇ ಹಾಡಿದಳು. ಯಾರಿಗೂ ನಿಲ್ಲದೆ ಹಾಡಿದಳು. ಸಾಲು ಮುಗಿಯುವ ಮುಂಚೆಯೇ ಮುಂದಿನ ಸಾಲನ್ನು ಎತ್ತಿಕೊಂಡು, ನಡುವೆ ದೇವಿದಾಸ ಎಂದೂ ಕೇಳದ ತಿರುವು ತಿರುಗಿ, ಏರಿ, ಇಳಿದು, ಗಕ್ಕನೆ ಮುಗಿಸಿ, “ಹ್ಞೂಂ, ಮುಂದಿಂದು” ಎನ್ನುತ್ತಿದ್ದಳು. ಓಣಿಯ ಹೆಂಗಸರು ಕೆಲಸ ಬಿಟ್ಟು ಬಂದು ಅಂಗಳದಲ್ಲಿ ನಿಂತರು. ಇದೇ ಹಾಡುಗಳು ಇಷ್ಟು ಚಂದ ಇದ್ದವೆಂದು ದೇವಿದಾಸನಿಗೆ ಗೊತ್ತೇ ಇರಲಿಲ್ಲ. ಸಂತೋಷಕ್ಕೆ ಕುಣಿಯಬೇಕು ಅನ್ನಿಸಿತು, ನಾಚಿಕೆಯೂ ಆಯಿತು.

ಮಂಗಳವಾರ ಹಲ್ಲು ಹೋದವು. ದೇವಿದಾಸ ಬತ್ತಲೆ ಡಬ್ಬಿಯ ಮುಂದೆ ಕೂತು ಹದ ಮಾಡಿದ. ಈ ಸಲ ಬಂಡೆಪ್ಪನ ಹೋಟೆಲಿನಲ್ಲಿ ಚಹಾ ಆರುವ ತನಕ ಮಂದಿ ಕೇಳಿದರು. “ಮುದುಕಿ ಬಾವಿಂದ ಮ್ಯಾಲ ಬಂದಾಳ ನೋಡ್ರಿ ಮುನ್ಶೀಜಿ!” ಎಂದು ಬಂಡೆಪ್ಪ ತಾನೇ ಹತ್ತು ಕ್ಯಾಸೆಟ್ಟು ಮಾರುವುದಾಗಿ ಹೇಳಿದ. ಅಲ್ಲಿ ಕೇಳಿಸಿದ ಆ ಮೊದಲ ಪ್ರತಿಯನ್ನು ಬಂಡೆಪ್ಪನಿಗೆ ಬಿಟ್ಟುಕೊಡದೆ ದೇವಿದಾಸ ಹುಡಗಿಗೆ ಒಯ್ದ.

ಕೇಶರಬಾಯಿಯ ಬಾಯಿ ಇನ್ನೂ ಊದಿತ್ತು. ಗಂಜಿ ಕುಡಿದು ಗೋಡೆಗೆ ಒರಗಿ ಕೂತಿದ್ದಳು. ಮೊಮ್ಮಗಳ ಸಣ್ಣ ಟೇಪಿನಲ್ಲೂ ದನಿ ಸ್ಪಷ್ಟವಾಗಿ ಬಂತು. ಒಂದು ಬದಿ ಪೂರ್ತಿ ಕೇಳಿದಳು, ಅಲ್ಲಲ್ಲಿ ತಲೆ ತೂಗಿದಳು. ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಹಲ್ಲಿಲ್ಲದ ಬಾಯಿಯಿಂದ ಮಾತು ಹುಡುಕಿ ಹುಡುಕಿ ಹೇಳಿದಳು.

“ಛಲೋ ಆಗ್ಯಾದ. ಮಂದಿಗಿ ಇದೇ ಕೊಡು. ನನಗ ಆ ಮೊದಲಿಂದು ಮಾಡಿಕೊಡು.”

“ಅತ್ತಿ, ಅದರಾಗ ಪೇಟಿ ಅದಲ್ಲ…”

“ಅದಕ್ಕೇ ಕೇಳಾಕತ್ತೀನಿ. ಇದರಾಗ ನಾ ಒಬ್ಬಾಕಿನೇ ಇದ್ದೀನಿ. ಎಲ್ಲೂ ನಿಂದ್ರಂಗಿಲ್ಲ, ಭಾಳ ಲಗೂ ಮುಗೀತದ.”

ಆ ಸಂಜೆ ದೇವಿದಾಸ ಪಡಸಾಲೆಯಲ್ಲಿ ಕೂತು ಮೂಲ ಕ್ಯಾಸೆಟ್ಟನ್ನು ಅವಳಿಗಾಗಿ ಇಳಿಸತೊಡಗಿದ. ಯಾವ ಗುಬಟಿಯನ್ನೂ ಮುಟ್ಟಲಿಲ್ಲ. ಒಳಗಿಂದ ಶೇವಂತಾಬಾಯಿ ಬಂದು ಸದ್ದಿಲ್ಲದೆ ಪಕ್ಕದಲ್ಲಿ ಕೂತಳು. ಅತ್ತೆ ಸಾಲು ಮುಗಿಸಿ, ಉಸಿರು ಎಳೆದುಕೊಂಡು, ನಿಂತಳು. ಪೇಟಿ ಬಂದ ಮೇಲೆ ಮುಂದೆ ಹೋದಳು.